ಆಕಾಶದಿಂದ ತೆಗೆದ ಚಿತ್ರ

1858ನೆಯ ಇಸವಿ. ಪ್ಯಾರಿಸ್ ನಗರದ ಹೊರವಲಯದಲ್ಲಿ ಹಗ್ಗದಿಂದ ಬಿಗಿದಿದ್ದ ಒಂದು ದೊಡ್ಡ ಬೆಲೂನು ಮೆಲ್ಲಮೆಲ್ಲನೆ ಮೇಲೇರುತ್ತಿದ್ದಿತು. ಅದರ ಕೆಳಗೆ ತೂಗುತ್ತಿದ್ದ ಬುಟ್ಟಿಯಲ್ಲಿ ಕಪ್ಪು ಬಟ್ಟೆಯ ಒಂದು ಪುಟ್ಟ ಗುಡಾರ. ಗುಡಾರದೊಳಗೆ ಗಾಜಿನ ಫಲಕಗಳು, ರಾಸಾಯನಿಕ ದ್ರವಗಳ ಸೀಸೆಗಳು. ಬುಟ್ಟಿಯ ಅಂಚಿನಲ್ಲಿ ಕೆಳಮುಖವಾಗಿ ಕಟ್ಟಿದ್ದ ಒಂದು ಕ್ಯಾಮೆರಾ. ಈ ಸರಂಜಾಮನ್ನೆಲ್ಲ ಹೊತ್ತು ಆಕಾಶಕ್ಕೆ ಏರಿದ್ದವನು ನದಾರ್ ಎಂಬ ಹೆಸರಿನಿಂದ ಪ್ರಸಿದ್ಧನಾಗಿದ್ದ ಛಾಯಾಗ್ರಾಹಕ. ಗಾಸ್ಪಾರ್ ಫೆಲಿಕ್ಸ್ ತೂರ್ನಶೋಂ ಎಂಬುದು ಅವನ ನಿಜವಾದ ಹೆಸರು. ಪ್ಯಾರಿಸಿನ ಗಣ್ಯರ ಭಾವಚಿತ್ರಗಳನ್ನು ತೆಗೆದು ಹೆಸರು ಗಳಿಸಿದ್ದ ಅವನಿಗೆ, ಹಕ್ಕಿಗೆ ಕಾಣುವ ಭೂಮಿಯನ್ನು ಮನುಷ್ಯನಿಗೂ ತೋರಿಸಬೇಕೆಂಬ ಹಂಬಲ ಹುಟ್ಟಿದ್ದಿತು.

ಆದರೆ ಆ ಹಂಬಲವು ಸುಲಭವಾಗಿ ಕೈಗೂಡಲಿಲ್ಲ. ಆ ಕಾಲದ ಗಾಜಿನ ಫಲಕವು ಹಸಿಯಾಗಿರುವಾಗಲೇ ಅದರ ಮೇಲೆ ಚಿತ್ರವನ್ನು ಹಿಡಿದು, ಆರುವ ಮೊದಲೇ ಸಂಸ್ಕರಿಸಬೇಕಾಗಿದ್ದಿತು. ಆದುದರಿಂದಲೇ ಬುಟ್ಟಿಯಲ್ಲಿ ಕತ್ತಲೆಯ ಗುಡಾರ! ನದಾರನು ಮತ್ತೆ ಮತ್ತೆ ಮೇಲೇರಿದನು. ಪ್ರತಿ ಸಲವೂ ಫಲಕಗಳು ಮಸಿಯಂತೆ ಕಪ್ಪಾಗಿ ಹೊರಬಂದವು. ದ್ರವಗಳನ್ನು ಬದಲಾಯಿಸಿ ನೋಡಿದನು, ಪ್ರಯೋಜನವಾಗಲಿಲ್ಲ. ಕೊನೆಗೆ ಅಪರಾಧಿಯು ಸಿಕ್ಕಿಬಿದ್ದಿತು. ಬೆಲೂನಿನ ಕೆಳಬಾಯಿಯಿಂದ ಸೋರುತ್ತಿದ್ದ ಅನಿಲವೇ ಫಲಕದ ಮೇಲಿನ ಬೆಳ್ಳಿಯ ಲವಣವನ್ನು ಕೆಡಿಸುತ್ತಿದ್ದಿತು. ಬೆಲೂನಿನ ಬಾಯಿಯನ್ನು ಮುಚ್ಚಿ ಏರಿದಾಗ ಫಲಕದ ಮೇಲೆ ಮಸುಕಾಗಿ ಒಂದು ಚಿತ್ರ ಮೂಡಿತು. ಸುಮಾರು 80 ಮೀಟರ್ ಎತ್ತರದಿಂದ ಕಂಡ ಪೆತೀ ಬಿಸೆತ್ರ್ ಎಂಬ ಹಳ್ಳಿ. ಅದೇ ವರ್ಷ ಅವನು ಪಡೆದ ಹಕ್ಕುಪತ್ರದಲ್ಲಿ ಕಾಣುವ ಉದ್ದೇಶವು ಗಮನಾರ್ಹವಾದುದು. ಆಕಾಶದಿಂದ ಚಿತ್ರ ತೆಗೆದು ಅದರ ನೆರವಿನಿಂದ ಜಮೀನುಗಳ ನಕ್ಷೆಯನ್ನು ತಯಾರಿಸಬಹುದೆಂದು ಅವನು ಅಂದೇ ಕಂಡುಕೊಂಡಿದ್ದನು. ನೋಟದ ಸೊಗಸು ಒಂದು, ನೆಲದ ಲೆಕ್ಕ ಇನ್ನೊಂದು. ಇವೆರಡೂ ಆ ಕಲೆಯ ಹುಟ್ಟಿನಲ್ಲಿಯೇ ಅವಳಿಗಳಾಗಿ ಬಂದವು.

ನದಾರನ ಆ ಮೊದಲ ಚಿತ್ರ ಇಂದು ಉಳಿದಿಲ್ಲ. ಉಳಿದಿರುವವುಗಳಲ್ಲಿ ಅತ್ಯಂತ ಹಳೆಯದು 1860ರ ಅಕ್ಟೋಬರ್ 13ರಂದು ಅಮೆರಿಕದ ಬಾಸ್ಟನ್ ನಗರದ ಮೇಲೆ ಬೆಲೂನಿನಿಂದ ಜೇಮ್ಸ್ ವಾಲೆಸ್ ಬ್ಲ್ಯಾಕ್ ಎಂಬಾತನು ತೆಗೆದದ್ದು. ಆಮೇಲೆ ಮನುಷ್ಯನು ತಾನು ಏರುವುದನ್ನು ಬಿಟ್ಟು ಕ್ಯಾಮೆರಾವನ್ನು ಮಾತ್ರ ಏರಿಸುವ ಉಪಾಯಗಳನ್ನು ಹುಡುಕಿದನು. 1888ರಲ್ಲಿ ಫ್ರಾನ್ಸಿನ ಆರ್ಥರ್ ಬತ್ಯು ಎಂಬಾತನು ಗಾಳಿಪಟಕ್ಕೆ ಕ್ಯಾಮೆರಾ ಕಟ್ಟಿ, ನಿಧಾನವಾಗಿ ಉರಿಯುವ ಬತ್ತಿಯಿಂದ ಅದರ ಕಣ್ಣು ತಾನಾಗಿಯೇ ತೆರೆದು ಮುಚ್ಚುವಂತೆ ಮಾಡಿದನು. 1906ರಲ್ಲಿ ಭೂಕಂಪದಿಂದಲೂ ಬೆಂಕಿಯಿಂದಲೂ ಹಾಳಾದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಭೀಕರ ದೃಶ್ಯವನ್ನು ಜಾರ್ಜ್ ಲಾರೆನ್ಸ್ ಎಂಬಾತನು ಸಾಲು ಗಾಳಿಪಟಗಳಿಗೆ ತೂಗುಬಿಟ್ಟ ಭಾರಿ ಕ್ಯಾಮೆರಾದಿಂದ ಸೆರೆಹಿಡಿದನು. ಜರ್ಮನಿಯ ಔಷಧ ವ್ಯಾಪಾರಿ ಯೂಲಿಯುಸ್ ನಾಯ್‌ಬ್ರೋನರ್ ಅಂತೂ ತಾನು ಸಾಕಿದ ಪಾರಿವಾಳಗಳ ಎದೆಗೆ ಪುಟಾಣಿ ಕ್ಯಾಮೆರಾಗಳನ್ನು ಕಟ್ಟಿಬಿಟ್ಟನು! ಪಾರಿವಾಳವು ಮನೆಗೆ ಮರಳುವ ದಾರಿಯಲ್ಲಿ ಕ್ಯಾಮೆರಾ ತನ್ನಷ್ಟಕ್ಕೆ ತಾನೇ ಚಿತ್ರ ತೆಗೆಯುತ್ತಿದ್ದಿತು.

ಈ ಸಾಹಸಗಳಲ್ಲೆಲ್ಲ ಒಂದು ಕೊರತೆ ಇದ್ದಿತು. ಮೇಲಿರುವ ಕ್ಯಾಮೆರಾ ಏನನ್ನು ನೋಡುತ್ತಿದೆ ಎಂಬುದು ಕೆಳಗಿರುವವನಿಗೆ ತಿಳಿಯುತ್ತಿರಲಿಲ್ಲ. ಗಾಳಿಪಟ ಗಾಳಿಯ ಮರ್ಜಿಗೆ, ಪಾರಿವಾಳ ತನ್ನ ಮರ್ಜಿಗೆ ಹಾರುತ್ತಿದ್ದವು. ವಿಮಾನವು ಬಂದ ಮೇಲೆ ಈ ಕೊರತೆ ನೀಗಿತಾದರೂ ಅದರ ವೆಚ್ಚವು ಸೈನ್ಯಕ್ಕೆ, ಸರ್ಕಾರಕ್ಕೆ ಮಾತ್ರ ನಿಲುಕುವಂತಿದ್ದಿತು. ಊರಿನ ಒಬ್ಬ ಸಾಮಾನ್ಯ ಛಾಯಾಗ್ರಾಹಕನು ನೆಲದ ಮೇಲೆಯೇ ನಿಂತು, ಆಕಾಶದಲ್ಲಿರುವ ತನ್ನ ಕ್ಯಾಮೆರಾ ಕಾಣುವುದನ್ನು ಅಂಗೈಯಗಲದ ಪರದೆಯಲ್ಲಿ ತಾನೂ ಕಂಡು, ತನಗೆ ಬೇಕಾದ ಕ್ಷಣದಲ್ಲಿ ಚಿತ್ರ ತೆಗೆಯುವುದು ಸಾಧ್ಯವಾದದ್ದು ಡ್ರೋನ್ ಎಂಬ ಪುಟ್ಟ ಯಂತ್ರದಿಂದ. 2010ರ ನಂತರದ ದಶಕದಲ್ಲಿ ಅದು ಜನಸಾಮಾನ್ಯರ ಕೈಗೆ ಎಟುಕಿತು.

ಛಾಯಾಗ್ರಹಣಕ್ಕೆ ಬಳಸುವ ಡ್ರೋನಿಗೆ ಸಾಮಾನ್ಯವಾಗಿ ನಾಲ್ಕು ತೋಳುಗಳು. ಒಂದೊಂದು ತೋಳಿನ ತುದಿಯಲ್ಲಿ ಒಂದೊಂದು ಮೋಟಾರು, ಅದರ ಮೇಲೊಂದು ತಿರುಗುವ ರೆಕ್ಕೆ. ಈ ನಾಲ್ಕೂ ರೆಕ್ಕೆಗಳು ಒಂದೇ ದಿಕ್ಕಿಗೆ ತಿರುಗುವುದಿಲ್ಲ. ಹಾಗೆ ತಿರುಗಿದರೆ ಯಂತ್ರದ ಒಡಲು ವಿರುದ್ಧ ದಿಕ್ಕಿಗೆ ಬುಗುರಿಯಂತೆ ಸುತ್ತತೊಡಗುತ್ತದೆ. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಉಂಟೆಂಬ ನ್ಯೂಟನ್ನನ ನಿಯಮವು ಇಲ್ಲಿ ಕಣ್ಣಿಗೆ ಕಾಣುವಂತಿದೆ. ಆದುದರಿಂದ ಎರಡು ರೆಕ್ಕೆಗಳು ಗಡಿಯಾರದ ಮುಳ್ಳಿನಂತೆ ಬಲಕ್ಕೂ ಎರಡು ಅದಕ್ಕೆ ವಿರುದ್ಧವಾಗಿ ಎಡಕ್ಕೂ ತಿರುಗುತ್ತವೆ. ಒಂದರ ಸೆಳೆತವನ್ನು ಇನ್ನೊಂದು ತಡೆಯುತ್ತದೆ. ನಾಲ್ಕರ ವೇಗವನ್ನೂ ಒಟ್ಟಿಗೆ ಹೆಚ್ಚಿಸಿದರೆ ಯಂತ್ರ ಮೇಲೇರುತ್ತದೆ. ಹಿಂದಿನ ಎರಡರ ವೇಗವನ್ನು ಹೆಚ್ಚಿಸಿದರೆ ಅದು ಮುಂದಕ್ಕೆ ಬಾಗಿ ಮುಂದೆ ಸಾಗುತ್ತದೆ. ಗಾಳಿ ಬೀಸಿ ಯಂತ್ರ ಒಂದು ಪಕ್ಕಕ್ಕೆ ವಾಲಿತೆಂದರೆ ಒಳಗಿರುವ ಸೂಕ್ಷ್ಮ ಉಪಕರಣಗಳು ಅದನ್ನು ಕೂಡಲೇ ಅರಿತು ಸರಿಪಡಿಸುತ್ತವೆ. ಈ ಕೆಲಸವನ್ನು ಮನುಷ್ಯನ ಬೆರಳುಗಳು ಅಷ್ಟು ಚುರುಕಾಗಿ ಎಂದಿಗೂ ಮಾಡಲಾರವು. ನಿಂತಲ್ಲಿಯೇ ನಿಲ್ಲುವುದಕ್ಕೆ ಉಪಗ್ರಹಗಳ ಸಂಕೇತವು, ಎತ್ತರವನ್ನು ಕಾಯುವುದಕ್ಕೆ ವಾಯುಭಾರದ ಅಳತೆಯು ನೆರವಾಗುತ್ತವೆ. ಕ್ಯಾಮೆರಾ ಇರುವುದು ಗಿಂಬಲ್ ಎಂಬ ತೂಗುಚೌಕಟ್ಟಿನಲ್ಲಿ. ನೀರು ತುಂಬಿದ ಕೊಡವನ್ನು ತಲೆಯ ಮೇಲೆ ಹೊತ್ತ ಹೆಂಗಸು ಹಾದಿಯ ಏರುತಗ್ಗುಗಳನ್ನೆಲ್ಲ ತನ್ನ ನಡಿಗೆಯಲ್ಲಿಯೇ ನುಂಗಿಕೊಂಡು ಕೊಡವನ್ನು ಅಲುಗದಂತೆ ಒಯ್ಯುವುದಿಲ್ಲವೇ? ಗಿಂಬಲ್ ಮಾಡುವ ಕೆಲಸವೂ ಅದೇ.

ಯಂತ್ರವು ಇಷ್ಟು ಜಾಣವಾಗಿರುವಾಗ ಕಲಿಯಬೇಕಾದದ್ದು ಏನಿದೆ ಎಂದು ಕೆಲವರು ಕೇಳುವುದುಂಟು. ಆತುರದ ಕಲಿಕೆಯವರ ಡ್ರೋನುಗಳು ತೆಂಗಿನ ಗರಿಗಳ ನಡುವೆಯೂ ಕೆರೆಯ ನೀರಿನಲ್ಲಿಯೂ ಕೊನೆಗಾಣುವುದೇ ಈ ಪ್ರಶ್ನೆಗೆ ಉತ್ತರ. ನುರಿತವರು ಹೊಸಬರಿಗೆ ಮೊದಲ ದಿನಗಳಲ್ಲಿ ಚಿತ್ರ ತೆಗೆಯಲು ಬಿಡುವುದೇ ಇಲ್ಲ. ಮರವಾಗಲಿ ತಂತಿಯಾಗಲಿ ಇಲ್ಲದ ಬಯಲಿನಲ್ಲಿ, ಜನರಿಂದ ದೂರವಾಗಿ, ಎರಡಾಳು ಎತ್ತರದಲ್ಲಿ ಯಂತ್ರವನ್ನು ಸುಮ್ಮನೆ ನಿಲ್ಲಿಸುವುದೇ ಮೊದಲ ಪಾಠ. ಯಂತ್ರದ ಬೆನ್ನು ತನ್ನ ಕಡೆಗಿದ್ದಾಗ ಕಲಿಯುವವನಿಗೆ ಏನೂ ಕಷ್ಟವಿಲ್ಲ. ಬಲಕ್ಕೆ ಒತ್ತಿದರೆ ಬಲಕ್ಕೆ ಹೋಗುತ್ತದೆ. ಆದರೆ ಅದು ತಿರುಗಿ ಅವನತ್ತ ಮುಖಮಾಡಿತೋ, ಎಡಬಲಗಳು ಅದಲುಬದಲಾಗುತ್ತವೆ. ಎದುರುಬದುರು ನಿಂತ ಇಬ್ಬರಲ್ಲಿ ಒಬ್ಬನ ಬಲ ಇನ್ನೊಬ್ಬನ ಎಡವಾಗಿರುವಂತೆಯೇ ಇದು. ಗೋಡೆಯಿಂದ ತಪ್ಪಿಸಲು ಹೋಗಿ ಗೋಡೆಗೇ ಡಿಕ್ಕಿ ಹೊಡೆಯುವುದು ಈ ಗೊಂದಲದಿಂದಲೇ. ಎಂಟರ ಅಂಕಿಯ ಆಕಾರದಲ್ಲಿ ಯಂತ್ರವನ್ನು ನಿಧಾನವಾಗಿ ಹಾರಿಸುತ್ತ ಹೋದರೆ, ದಿನ ಕಳೆದಂತೆ ಬೆರಳುಗಳು ಈ ಲೆಕ್ಕವನ್ನು ತಾವೇ ಮಾಡಿಕೊಳ್ಳುತ್ತವೆ.

ಹಾರುವ ಮುನ್ನ ನೋಡಬೇಕಾದವು ಹಲವು. ರೆಕ್ಕೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದನ್ನು ಬದಲಿಸಬೇಕು. ಕಬ್ಬಿಣದ ತಗಡು, ಮೋಟಾರುವಾಹನ ಅಥವಾ ಒಳಗೆ ಸರಳುಗಳಿರುವ ತಾರಸಿಯ ಮೇಲಿಂದ ಹಾರಿಸಿದರೆ ಯಂತ್ರದ ದಿಕ್ಸೂಚಿಯು ಮೋಸಹೋಗಬಹುದು. ಬ್ಯಾಟರಿಯ ಶಕ್ತಿ ಅರ್ಧ ಗಂಟೆಯೊಳಗೆ ಮುಗಿಯುವುದು ಸಾಮಾನ್ಯ; ಆದುದರಿಂದ ಮರಳಿ ಬರುವ ಶಕ್ತಿಯನ್ನು ಮೊದಲೇ ಎಣಿಸಿ ಹೊರಡಬೇಕು. ಇಲ್ಲಿ ಗಾಳಿಯ ದಿಕ್ಕು ಮುಖ್ಯ. ಹೊರಡುವಾಗ ಗಾಳಿಗೆ ಎದುರಾಗಿ ಹೋದರೆ ಬರುವಾಗ ಗಾಳಿಯೇ ತಳ್ಳಿಕೊಂಡು ಬರುತ್ತದೆ. ಹೋಗುವಾಗ ಗಾಳಿಯೊಡನೆ ತೇಲಿಹೋದವನು ಬರುವಾಗ ಅದರೊಡನೆ ಗುದ್ದಾಡಬೇಕಾಗುತ್ತದೆ. ನೆಲದ ಮೇಲೆ ಎಲೆ ಅಲುಗದಿದ್ದರೂ ಮೇಲೆ ಗಾಳಿಯ ವೇಗ ಹೆಚ್ಚಾಗಿರುತ್ತದೆ ಎಂಬುದನ್ನು ಮರೆಯುವಂತಿಲ್ಲ. ವಿದ್ಯುತ್ ತಂತಿಗಳು ಪರದೆಯಲ್ಲಿ ಕಾಣುವುದೇ ಕಷ್ಟ. ಇನ್ನು ಹದ್ದುಗಳು. ಗೂಡು ಕಟ್ಟಿ ಮರಿಮಾಡುವ ಕಾಲದಲ್ಲಿ ಅವು ತಮ್ಮ ಎಲ್ಲೆಯೊಳಗೆ ಬಂದ ಈ ಗುಂಯ್‌ಗುಡುವ ಆಗಂತುಕನ ಮೇಲೆ ಎರಗುವುದುಂಟು. ಆಗ ಇಳಿದುಬರುವುದೇ ಜಾಣತನ. ಆಕಾಶದಲ್ಲಿ ಅವುಗಳ ಹಕ್ಕು ಹಳೆಯದು.

ಮನುಷ್ಯರು ಮಾಡಿದ ಎಲ್ಲೆಗಳೂ ಆಕಾಶದಲ್ಲಿವೆ. ಭಾರತದಲ್ಲಿ 2014ರಿಂದ ಕೆಲವು ವರ್ಷಗಳ ಕಾಲ ಸಾರ್ವಜನಿಕರು ಡ್ರೋನ್ ಹಾರಿಸುವುದಕ್ಕೆ ತಡೆಯಿದ್ದಿತು. ಬಳಿಕ 2018ರ ಡಿಸೆಂಬರಿನಿಂದ ಕಟ್ಟುಪಾಡುಗಳೊಡನೆ ಅವಕಾಶ ದೊರೆಯಿತು. ಈಗಿರುವ ಡ್ರೋನ್ ನಿಯಮಗಳು 2021ರ ಆಗಸ್ಟ್ 25ರಂದು ಪ್ರಕಟವಾದವು. ಇವುಗಳ ಪ್ರಕಾರ ದೇಶದ ಆಕಾಶವು ಹಸಿರು, ಹಳದಿ, ಕೆಂಪು ಎಂದು ಮೂರು ವಲಯಗಳಾಗಿ ವಿಂಗಡಿಸಲ್ಪಟ್ಟಿದೆ. ಹಸಿರು ವಲಯದಲ್ಲಿ ನೆಲದಿಂದ 120 ಮೀಟರ್‌ವರೆಗೆ ಹಾರಿಸಲು ಪ್ರತ್ಯೇಕ ಅನುಮತಿ ಬೇಕಿಲ್ಲ. ನದಾರನು ಏರಿದ ಎತ್ತರಕ್ಕಿಂತ ಇದು ಬಹಳವೇನೂ ಹೆಚ್ಚಲ್ಲ. ವಿಮಾನನಿಲ್ದಾಣದ ಎಲ್ಲೆಯಿಂದ 8 ಕಿಲೋಮೀಟರಿನೊಳಗೆ ನೆಲದಿಂದಲೇ ಹಳದಿ ವಲಯ. ಅಲ್ಲಿ ವಾಯುಸಂಚಾರ ನಿಯಂತ್ರಣಾಧಿಕಾರಿಗಳ ಅನುಮತಿ ಬೇಕು. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆಯಿಲ್ಲದೆ ಹಾರಿಸುವಂತೆಯೇ ಇಲ್ಲ. 250 ಗ್ರಾಂ ಮೀರದ ಡ್ರೋನನ್ನು ಹಾರಿಸಲು ಚಾಲಕನ ಪ್ರಮಾಣಪತ್ರ ಅಗತ್ಯವಿಲ್ಲ. 2 ಕಿಲೋಗ್ರಾಂವರೆಗಿನದನ್ನು ಹವ್ಯಾಸಕ್ಕಾಗಿ ಹಾರಿಸುವವರಿಗೂ ಅದೇ ವಿನಾಯಿತಿ. ಅದೇ ಯಂತ್ರದಿಂದ ಹಣಕ್ಕಾಗಿ ಚಿತ್ರ ತೆಗೆದರೆ ಪ್ರಮಾಣಪತ್ರ ಬೇಕು. ಅದನ್ನು ಪಡೆಯುವವರಿಗೆ 18 ವರ್ಷ ತುಂಬಿರಬೇಕು, ಮಾನ್ಯತೆ ಪಡೆದ ಶಾಲೆಯಲ್ಲಿ ತರಬೇತಿ ಆಗಿರಬೇಕು, ಹತ್ತನೆಯ ತರಗತಿಯಲ್ಲಿ ತೇರ್ಗಡೆಯೂ ಆಗಿರಬೇಕು. ಒಂಬತ್ತನೆಯ ತರಗತಿಯ ಹುಡುಗ ಹುಡುಗಿಯರು ಇದನ್ನು ತಿಳಿದಿರುವುದು ಒಳ್ಳೆಯದು.

ಬಣ್ಣದ ವಲಯಗಳಲ್ಲಿ ತೋರಿಸಲಾಗದ ಎಲ್ಲೆಯೊಂದೂ ಇದೆ. ನೆರೆಮನೆಯ ಹಿತ್ತಲಿನಲ್ಲಿ ಬಟ್ಟೆ ಒಣಗಿಸುತ್ತಿರುವವರು, ಮಾಳಿಗೆಯ ಮೇಲೆ ಹಪ್ಪಳ ಹರವುತ್ತಿರುವವರು ಯಾರೂ ತಮ್ಮನ್ನು ಮೇಲಿನಿಂದ ನೋಡಲಿ ಎಂದು ಒಪ್ಪಿಗೆ ಕೊಟ್ಟಿರುವುದಿಲ್ಲ. ಗೋಡೆ ಕಟ್ಟಿದವರು ಬೀದಿಯ ಕಣ್ಣಿಗೆ ಮರೆಮಾಡಿಕೊಂಡಿದ್ದಾರೆ. ಆಕಾಶದಿಂದ ಕಣ್ಣೊಂದು ಬಂದೀತೆಂದು ಅವರು ಎಣಿಸಿರಲಿಲ್ಲ. 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಪ್ರತಿಯೊಬ್ಬನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅದು ಡ್ರೋನಿಗೆ ಸಂಬಂಧಿಸಿದ ಮೊಕದ್ದಮೆಯಲ್ಲ, ಆಧಾರ್ ಯೋಜನೆಯ ಸಂದರ್ಭದಲ್ಲಿ ಎದ್ದ ಪ್ರಶ್ನೆ. ಆದರೂ ಅಲ್ಲಿ ಎತ್ತಿಹಿಡಿದ ಹಕ್ಕು ಹಿತ್ತಲಿನಲ್ಲಿ ಬಟ್ಟೆ ಒಣಗಿಸುವವರದೂ ಹೌದು. ಬಲ್ಲ ಛಾಯಾಗ್ರಾಹಕನು ಹಾರಿಸುವ ಮುನ್ನ ಅಕ್ಕಪಕ್ಕದ ಮನೆಗಳಿಗೆ ಹೋಗಿ, “ಅಮ್ಮಾ, ಈ ಹೊತ್ತಿನಲ್ಲಿ ಇಲ್ಲೊಂದು ಚಿತ್ರ ತೆಗೆಯುತ್ತೇವೆ” ಎಂದು ತಿಳಿಸಿ ಬರುತ್ತಾನೆ. ಇದಕ್ಕೆ ತಗಲುವುದು ಹತ್ತು ನಿಮಿಷ.

ಹಣಕ್ಕಾಗಿ ಡ್ರೋನ್ ಹಾರಿಸುವವರಿಗೆ ದೊರೆಯುವ ಕೆಲಸಗಳಲ್ಲಿ ಮನೆ ನಿವೇಶನಗಳ ಚಿತ್ರ ತೆಗೆಯುವುದೂ ಒಂದು. ಮಾರಾಟಕ್ಕಿರುವ ಮನೆಯನ್ನು ಬೀದಿಯಿಂದ ತೆಗೆದ ಚಿತ್ರದಲ್ಲಿ ಮುಂಬಾಗಿಲು, ಗೇಟು ಮಾತ್ರ ಕಾಣುತ್ತವೆ. ಆಕಾಶದಿಂದ ತೆಗೆದ ಚಿತ್ರದಲ್ಲಿ ಅದರ ಸುತ್ತಣ ರಸ್ತೆ, ಮರ, ಅಕ್ಕಪಕ್ಕದ ಕಟ್ಟಡ, ದೂರದ ಕೆರೆ ಎಲ್ಲವೂ ಒಟ್ಟಿಗೆ ಕಾಣುತ್ತವೆ. ಈ ಕೆಲಸಕ್ಕೆ ಬಹಳ ಎತ್ತರ ಏರಬೇಕೆಂಬುದು ಹೊಸಬರ ಭ್ರಮೆ. ಮನೆಯ ಮುಖವೂ ಚಾವಣಿಯೂ ಒಂದೇ ಚಿತ್ರದಲ್ಲಿ ಬರಬೇಕಾದರೆ ಪಕ್ಕದ ತೆಂಗಿನ ಮರದ ಎತ್ತರವೇ ಸಾಕು. ತೀರ ಮೇಲೇರಿದರೆ ಮನೆಯು ಬೆಂಕಿಪೆಟ್ಟಿಗೆಯಾಗುತ್ತದೆ. ಸುತ್ತಲಿನ ಪ್ರದೇಶವನ್ನು ತೋರಿಸಲು ಇನ್ನೂ ಎತ್ತರದ ಒಂದು ಚಿತ್ರ, ನಿವೇಶನದ ಎಲ್ಲೆ ತೋರಿಸಲು ನೇರ ಕೆಳಮುಖವಾದ ಒಂದು ಚಿತ್ರ. ಇಷ್ಟಿದ್ದರೆ ನೋಡುವವನಿಗೆ ಆ ಜಾಗದ ಕಲ್ಪನೆ ಬರುತ್ತದೆ. ಬೆಳಕಿನ ವಿಷಯದಲ್ಲಿ ಬೆಳಗ್ಗೆ ಅಥವಾ ಸಂಜೆಯ ಓರೆಬಿಸಿಲು ಉತ್ತಮ. ಮನೆ ಕೊಳ್ಳುವವರು ಬಾಗಿಲು ಯಾವ ದಿಕ್ಕಿಗಿದೆ ಎಂದು ಮೊದಲು ವಿಚಾರಿಸುವಂತೆ ಛಾಯಾಗ್ರಾಹಕನೂ ವಿಚಾರಿಸುತ್ತಾನೆ. ಅವರ ಚಿಂತೆ ವಾಸ್ತುವಿನದು, ಇವನ ಚಿಂತೆ ಬಿಸಿಲಿನದು: ಪೂರ್ವದ ಬಾಗಿಲಾದರೆ ಮುಂಜಾನೆ, ಪಶ್ಚಿಮದ್ದಾದರೆ ಇಳಿಹೊತ್ತು.

ಈ ಕೆಲಸದಲ್ಲಿ ಕೈಚಳಕಕ್ಕಿಂತಲೂ ಕಠಿಣವಾದ ಪರೀಕ್ಷೆ ಬೇರೊಂದಿದೆ. ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ಡ್ರೋನಿನ ಅಗಲನೋಟದ ಮಸೂರವು ಹತ್ತಿರದ ಅಂಗಳವನ್ನು ಹಿಗ್ಗಿಸಿ ದೂರದ ವಸ್ತುಗಳನ್ನು ಕುಗ್ಗಿಸುತ್ತದೆ. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನವು ಮೈದಾನದಂತೆ ತೋರಬಹುದು. ಬೆಂಗಳೂರಿನಂತಹ ನಗರದಲ್ಲಿ ನಿವೇಶನದ ಹಿಂಬದಿಯಲ್ಲಿಯೇ ರಾಜಕಾಲುವೆ ಹರಿಯುತ್ತಿರಬಹುದು, ನೆತ್ತಿಯ ಮೇಲೆ ಹೈಟೆನ್ಷನ್ ತಂತಿ ಹಾದುಹೋಗಿರಬಹುದು. ಕ್ಯಾಮೆರಾವನ್ನು ಒಂದಿಷ್ಟು ಆಚೆಗೆ ತಿರುಗಿಸಿದರೆ ಕಾಲುವೆಯೂ ಇಲ್ಲ, ತಂತಿಯೂ ಇಲ್ಲ! ಚಿತ್ರದಲ್ಲಿರುವ ಒಂದೊಂದು ಎಲೆಯೂ ನಿಜ. ಆದರೆ ಚಿತ್ರ ಸುಳ್ಳು. ಜೀವಮಾನದ ಉಳಿತಾಯವನ್ನು ಒಂದು ಸೂರಿಗಾಗಿ ಸುರಿಯುವ ಸಂಸಾರವು ಮೊದಲು ನೋಡುವುದು ಈ ಚಿತ್ರವನ್ನೇ. ಮಳೆಗಾಲದಲ್ಲಿ ಮನೆಯೊಳಗೆ ನೀರು ನುಗ್ಗಿದ ಮೇಲೆ ಅವರಿಗೆ ಸತ್ಯ ತಿಳಿದು ಫಲವೇನು? 2016ರ ರಿಯಲ್ ಎಸ್ಟೇಟ್ ಕಾಯಿದೆಯು ಈ ವಿಷಯದಲ್ಲಿ ಬಿಗಿಯಾಗಿದೆ. ಆ ಕಾಯಿದೆಗೆ ಒಳಪಟ್ಟ ಬಡಾವಣೆ ಅಥವಾ ಕಟ್ಟಡದ ಜಾಹೀರಾತಿನಲ್ಲಿನ ಸುಳ್ಳು ವಿವರವನ್ನು ನಂಬಿ ಹಣ ತೊಡಗಿಸಿ ನಷ್ಟಹೊಂದಿದವನಿಗೆ ನಿರ್ಮಾಣಗಾರನು ಪರಿಹಾರ ಕೊಡಬೇಕು. ಕೊಳ್ಳುವವನು ಹಿಂದೆಗೆಯಲು ಬಯಸಿದರೆ ಬಡ್ಡಿಯೊಡನೆ ಹಣವನ್ನು ಹಿಂದಿರುಗಿಸಬೇಕು. ಆದರೂ ಕಾಲುವೆಯನ್ನು ಚೌಕಟ್ಟಿನೊಳಗೆ ಸೇರಿಸುವುದೋ ಬಿಡುವುದೋ ಎಂಬ ತೀರ್ಮಾನವು ನಡೆಯುವುದು ನ್ಯಾಯಾಲಯದಲ್ಲಲ್ಲ, ನೆಲದ ಮೇಲೆ ನಿಂತು ಪರದೆ ನೋಡುತ್ತಿರುವವನ ಮನಸ್ಸಿನಲ್ಲಿ.

ಮಾರಾಟದ ಮನೆಯ ಚಿತ್ರಕ್ಕಿಂತ ಹೆಚ್ಚಿನ ಹೊಣೆಯನ್ನು ಹೊತ್ತ ಚಿತ್ರಗಳೂ ಉಂಟು. ನದಾರನ ಕನಸು ಭಾರತದ ಹಳ್ಳಿಗಳಲ್ಲಿ ನನಸಾದ ಬಗೆ ಇದು. ಬ್ರಿಟಿಷರ ಕಾಲದ ಭೂಮಾಪನದಲ್ಲಿ ಹೊಲಗದ್ದೆಗಳನ್ನು ಸರಪಳಿ ಹಿಡಿದು ಅಳೆದು, ಬಾಂದುಕಲ್ಲು ನೆಟ್ಟು, ನಂಬರು ಕೊಟ್ಟರು. 33 ಅಡಿ ಉದ್ದದ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೆಂದರೆ ಒಂದು ಗುಂಟೆ. ಕಂದಾಯವು ಹೊಲದಿಂದ ಬರುತ್ತಿದ್ದುದರಿಂದ ಹೊಲಕ್ಕೆ ಇಷ್ಟು ಜತನ. ಜನ ವಾಸಮಾಡುತ್ತಿದ್ದ ಊರೊಳಗಿನ ನೆಲವನ್ನು ಮಾತ್ರ ಗ್ರಾಮಠಾಣವೆಂದು ಒಟ್ಟಾಗಿ ಸುತ್ತುಗೆರೆ ಎಳೆದು ಬಿಟ್ಟುಬಿಟ್ಟರು. ಹೀಗಾಗಿ ತಲೆಮಾರುಗಳಿಂದ ಬಾಳಿಬಂದ ಮನೆಯಾದರೂ ಅದು ಇಂಥವರದು, ಇಷ್ಟು ಅಳತೆಯದು ಎಂದು ತೋರಿಸುವ ನಕ್ಷೆಯು ಎಷ್ಟೋ ಕುಟುಂಬಗಳ ಕೈಯಲ್ಲಿರಲಿಲ್ಲ. ಅಂಥ ಮನೆಯ ಮೇಲೆ ಬ್ಯಾಂಕಿನವರು ಸಾಲ ಕೊಡಲು ಹಿಂಜರಿಯುತ್ತಿದ್ದರು. ಅಣ್ಣತಮ್ಮಂದಿರು ಪಾಲಾಗುವಾಗ ಗೇಣು ಜಾಗಕ್ಕೆ ಜಗಳ ಹತ್ತಿ ವರ್ಷಾನುಗಟ್ಟಲೆ ಮಾತುಬಿಡುತ್ತಿದ್ದರು.

2020ರ ಏಪ್ರಿಲ್ 24ರಂದು, ಪಂಚಾಯತ್ ರಾಜ್ ದಿನದಂದು, ಕೇಂದ್ರ ಸರ್ಕಾರವು ‘ಸ್ವಾಮಿತ್ವ’ ಎಂಬ ಯೋಜನೆಯನ್ನು ಆರಂಭಿಸಿತು. ಹಳ್ಳಿಗಳ ವಾಸದ ನೆಲೆಗಳನ್ನು ಡ್ರೋನಿನಿಂದ ಚಿತ್ರೀಕರಿಸಿ, ಮನೆಮನೆಯ ಎಲ್ಲೆಯನ್ನು ಗುರುತಿಸಿ, ಮಾಲೀಕರಿಗೆ ಆಸ್ತಿಪತ್ರ ಕೊಡುವುದು ಅದರ ಗುರಿ. ಚಿತ್ರೀಕರಣದ ಹೊಣೆಯು 1767ರಲ್ಲಿ ಸ್ಥಾಪಿತವಾದ ಭಾರತೀಯ ಸರ್ವೇಕ್ಷಣ ಇಲಾಖೆಗೆ ಬಂದಿತು. 1800ರಲ್ಲಿ ಬೆಂಗಳೂರಿನ ಸಮೀಪ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯು ಉಕ್ಕಿನ ಸರಪಳಿಯನ್ನು ನೆಲದ ಮೇಲೆ ಎಳೆದೆಳೆದು ಮೈಲಿಗಟ್ಟಲೆ ಉದ್ದದ ಆಧಾರರೇಖೆಯನ್ನು ಅಳೆದಿದ್ದನು. ಅದೇ ನಾಡಿನ ಹಳ್ಳಿಗಳ ಮೇಲೆ ಈಗ ಡ್ರೋನುಗಳು ಹಾರಿದವು. ಯೋಜನೆಯನ್ನು ಮೊದಲು ಪ್ರಾಯೋಗಿಕವಾಗಿ ಕೈಗೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2020ರ ಅಕ್ಟೋಬರ್ 11ರಂದು ಆರು ರಾಜ್ಯಗಳ 763 ಹಳ್ಳಿಗಳ ಜನರಿಗೆ ಮೊದಲ ಆಸ್ತಿಪತ್ರಗಳು ದೊರೆತಾಗ ಅವುಗಳಲ್ಲಿ ಕರ್ನಾಟಕದ ಎರಡು ಹಳ್ಳಿಗಳಿದ್ದವು.

ಈ ಕೆಲಸದ ಕ್ರಮವು ತಿಳಿಯತಕ್ಕದ್ದು. ಡ್ರೋನ್ ಬರುವ ಮುನ್ನ ಊರಿಗೆ ಸುದ್ದಿ ಮುಟ್ಟುತ್ತದೆ. ನಿಗದಿಯಾದ ದಿನ ಸಿಬ್ಬಂದಿಯು ಮನೆಯವರ ಮತ್ತು ನೆರೆಯವರ ಎದುರಿನಲ್ಲಿ ಮನೆಮನೆಯ ಎಲ್ಲೆಯ ಮೇಲೆ ಸುಣ್ಣದ ಪುಡಿಯಿಂದ ಬಿಳಿಯ ಗೆರೆ ಎಳೆಯುತ್ತದೆ. ಆಟದ ಬಯಲಿನಲ್ಲಿ ಕಬಡ್ಡಿಗೆ ಅಂಕಣ ಎಳೆಯುವುದೂ ಹೀಗೆಯೇ! ಇದೇನು, ಆಕಾಶದ ಕ್ಯಾಮೆರಾಕ್ಕೆ ಸುಣ್ಣದ ಹಂಗೇಕೆ ಎಂದು ತೋರಬಹುದು. ಕ್ಯಾಮೆರಾಕ್ಕೆ ಮಣ್ಣು ಕಾಣುತ್ತದೆ, ಕಲ್ಲು ಕಾಣುತ್ತದೆ. ಆದರೆ ಈ ಮಣ್ಣು ಎಲ್ಲಿಯವರೆಗೆ ಒಬ್ಬರದು, ಎಲ್ಲಿಂದ ಇನ್ನೊಬ್ಬರದು ಎಂಬುದು ಕಾಣುವುದಿಲ್ಲ. ಅದನ್ನು ಬಲ್ಲವರು ಊರಿನವರೇ. ಅವರು ಒಪ್ಪಿ ಎಳೆಸಿದ ಗೆರೆಯನ್ನು ಮೇಲಿನಿಂದ ಇದ್ದಂತೆ ನೋಡಿ ನೆನಪಿಟ್ಟುಕೊಳ್ಳುವುದಷ್ಟೇ ಯಂತ್ರದ ಕೆಲಸ.

ನಂತರ ಡ್ರೋನ್ ಹೊಲ ಉಳುವ ನೇಗಿಲಿನಂತೆ ಊರಿನ ಮೇಲೆ ಸಾಲುಸಾಲಾಗಿ ಅತ್ತಿಂದಿತ್ತ ಹೋಗಿಬರುತ್ತದೆ. ದಾರಿಯುದ್ದಕ್ಕೂ ಅದು ತೆಗೆಯುವ ಚಿತ್ರಗಳು ಚಾವಣಿಯ ಹೆಂಚುಗಳಂತೆ ಒಂದರ ಮೇಲೊಂದು ಹೊದ್ದುಕೊಂಡಿರುತ್ತವೆ. ಹೆಂಚಿಗಿಂತಲೂ ಹೆಚ್ಚು, ಅರ್ಧಕ್ಕೂ ಮೀರಿ. ಒಂದೇ ಮನೆಯನ್ನು ಬೇರೆಬೇರೆ ಸ್ಥಳಗಳಿಂದ ಕಂಡಾಗ ಮಾತ್ರ ಅದರ ಎತ್ತರ, ದೂರಗಳು ಲೆಕ್ಕಕ್ಕೆ ಸಿಗುತ್ತವೆ. ಮನುಷ್ಯನಿಗೆ ಎರಡು ಕಣ್ಣಿರುವುದರ ಲಾಭವೂ ಇದೇ ಅಲ್ಲವೇ? ಹಾರುವ ಎತ್ತರವನ್ನೂ ಅಳೆದುಕೊಂಡು ಇಡಬೇಕು. 60 ಮೀಟರ್ ಎತ್ತರದಲ್ಲಿ ಚಿತ್ರದ ಒಂದು ಚುಕ್ಕೆಯು ನೆಲದ ಮೇಲಿನ 2 ಸೆಂಟಿಮೀಟರನ್ನು ತೋರಿಸುತ್ತದೆ ಎಂದಿಟ್ಟುಕೊಂಡರೆ, 120 ಮೀಟರಿನಲ್ಲಿ ಅದೇ ಚುಕ್ಕೆ 4 ಸೆಂಟಿಮೀಟರಿಗೆ ಸಮನಾಗುತ್ತದೆ. ಮೇಲೇರಿದಷ್ಟೂ ಊರು ಬೇಗ ಮುಗಿಯುತ್ತದೆ, ವಿವರ ಮಸುಕಾಗುತ್ತದೆ. ಬಿಸಿಲಿನ ವಿಷಯದಲ್ಲಿ ಮಾತ್ರ ಇಲ್ಲಿ ಎಲ್ಲವೂ ತಲೆಕೆಳಗು. ಮಾರಾಟದ ಮನೆಯ ಚಿತ್ರ ತೆಗೆಯುವವನು ಯಾವ ನೆತ್ತಿಬಿಸಿಲನ್ನು ಕಂಡು ಯಂತ್ರವನ್ನು ಪೆಟ್ಟಿಗೆಗೆ ಸೇರಿಸುತ್ತಾನೋ ಆ ಹೊತ್ತೇ ನಕ್ಷೆಯವನಿಗೆ ಅನುಕೂಲ. ಆಗ ನೆರಳುಗಳು ಕುಗ್ಗಿ ಸುಣ್ಣದ ಗೆರೆಗಳು ಬಯಲಾಗುತ್ತವೆ.

ಚಿತ್ರಗಳನ್ನೆಲ್ಲ ಗಣಕಯಂತ್ರವು ಒಂದಕ್ಕೊಂದು ಹೊಂದಿಸಿ, ಓರೆಕೋರೆಗಳನ್ನು ತಿದ್ದಿ, ಊರಿನ ಒಂದೇ ದೊಡ್ಡ ನಕ್ಷೆಯಾಗಿ ಹೆಣೆಯುತ್ತದೆ. ಕೆಲಸ ಮುಗಿಯಿತೇ? ಇಲ್ಲ. ಮೇಲಿನ ಕಣ್ಣಿಗೆ ಕಾಣುವುದು ಚಾವಣಿಯೇ ಹೊರತು ಗೋಡೆಯಲ್ಲ. ಮಳೆ ಹೆಚ್ಚಿರುವ ಮಲೆನಾಡಿನ ಮನೆಗಳಲ್ಲಿ ಹೆಂಚಿನ ಸೂರು ಗೋಡೆಯಿಂದ ಬಹುದೂರ ಹೊರಚಾಚಿರುತ್ತದೆ. ಅದನ್ನೇ ಮನೆಯ ಅಳತೆಯೆಂದು ತಿಳಿದರೆ ಒಬ್ಬನ ಸೂರು ಇನ್ನೊಬ್ಬನ ಅಂಗಳವನ್ನು ನುಂಗಿಬಿಡುತ್ತದೆ. ಮಾವು ಹಲಸುಗಳ ಕೆಳಗೆ ಎಳೆದ ಸುಣ್ಣದ ಗೆರೆಯೂ ಕ್ಯಾಮೆರಾಕ್ಕೆ ಕಾಣದು. ಆದುದರಿಂದ ನಕ್ಷೆಯನ್ನು ಮತ್ತೆ ಊರಿಗೆ ತರುತ್ತಾರೆ. ಸಿಬ್ಬಂದಿಯು ಅದನ್ನು ಕೈಯಲ್ಲಿ ಹಿಡಿದು ಬೀದಿಬೀದಿ ತಿರುಗಿ, ಸಂಶಯವಿರುವಲ್ಲಿ ಟೇಪು ಹಿಡಿದು ಗೋಡೆಯನ್ನು ಅಳೆದು, ಮನೆಯವರ ಹೆಸರನ್ನೂ ದಾಖಲೆಗಳನ್ನೂ ತಾಳೆ ನೋಡುತ್ತದೆ. ಅನಂತರ ಕರಡು ನಕ್ಷೆಯನ್ನು ಪ್ರಕಟಿಸಿ ಆಕ್ಷೇಪಣೆಗೆ ಕಾಲಾವಕಾಶ ಕೊಡುತ್ತಾರೆ. ತನ್ನ ಹಿತ್ತಲಿನ ಬಾವಿಯು ನೆರೆಯವನ ಗೆರೆಯೊಳಗೆ ಸೇರಿದೆ ಎಂದು ಕಂಡವನು ಆಗ ಬರವಣಿಗೆಯಲ್ಲಿ ತಕರಾರು ಸಲ್ಲಿಸಬಹುದು. ವಿಚಾರಣೆಯಲ್ಲಿ ಇಬ್ಬರೂ ಒಪ್ಪಿದರೆ ಗೆರೆಯನ್ನು ತಿದ್ದಿ ಆಸ್ತಿಪತ್ರ ಬರೆಯುತ್ತಾರೆ. ಒಪ್ಪದಿದ್ದರೆ ಕಾನೂನಿನಂತೆ ವ್ಯಾಜ್ಯ ತೀರುವವರೆಗೆ ಆ ಎರಡು ಮನೆಗಳ ಆಸ್ತಿಪತ್ರಗಳು ಕಾಯಬೇಕಾಗುತ್ತದೆ.